ಕ್ಯಾಮೆರಾ ಹೊರಟ ಮೇಲೂ ಅಲ್ಲೇ ಉಳಿಯುವವರು

ಈ ಸುದ್ದಿಯನ್ನ ನೀವೂ ನೋಡಿರ್ತೀರಿ. "ಮುಹೂರ್ತಕ್ಕೆ ಮುನ್ನವೇ ಬಾಲ್ಯವಿವಾಹ ತಡೆದ ಅಧಿಕಾರಿಗಳು." ಪರದೆ ಮೇಲೆ ಚಪ್ಪರ, ತಳಿರು ತೋರಣ, ಬಾಗಿಲಲ್ಲಿ ಪೊಲೀಸ್ ಜೀಪು, ಮುಖ ಮಸುಕು ಮಾಡಿದ ಒಬ್ಬ ಹುಡುಗಿ. ಒಟ್ಟು ನಲವತ್ತು ಸೆಕೆಂಡ್. ಅದಾದ ಮೇಲೆ ಚಿನ್ನದ ದರ, ಹವಾಮಾನ, ಕ್ರಿಕೆಟ್.

ನಾನು ಇಂಥ ಸುದ್ದಿ ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಆದರೆ ಒಂದು ಪ್ರಶ್ನೆಯನ್ನ ಬಹಳ ವರ್ಷ ಕೇಳಿಕೊಂಡಿರಲಿಲ್ಲ. ಆ ರಾತ್ರಿ ಆ ಹುಡುಗಿ ಎಲ್ಲಿ ಮಲಗುತ್ತಾಳೆ? ಅಡುಗೆ ಮಾಡಿಸಿ, ಸಾಲ ಮಾಡಿ, ಬೀಗರ ಮುಂದೆ ಮಾನ ಹೋಯ್ತು ಅಂತ ಕುದಿಯುತ್ತಿರುವ ಮನೆಯಲ್ಲೇನಾ? ಮರುದಿನ ಅವಳನ್ನು ಶಾಲೆಗೆ ಕಳಿಸುವವರು ಯಾರು? ಇನ್ನೊಂದು ಊರಿನ ದೇವಸ್ಥಾನದಲ್ಲಿ ಗುಟ್ಟಾಗಿ ಅದೇ ಮದುವೆ ನಡೆಯದ ಹಾಗೆ ನೋಡಿಕೊಳ್ಳುವವರು ಯಾರು?

ಹಾಗೆ ನೋಡಿಕೊಳ್ಳುವುದೇ ಕೆಲವರ ಉದ್ಯೋಗ. ಇವತ್ತು ಆ ಉದ್ಯೋಗದ ಬಗ್ಗೆ ಹೇಳ್ತೀನಿ.

ಎಲ್ಲ ಶುರುವಾಗೋದು ಒಂದು ಫೋನ್ ಕರೆಯಿಂದ. 1098. ಹತ್ತು, ಒಂಬತ್ತು, ಎಂಟು. ಅಕ್ಷರ ಬಾರದ ಮಗುವಿಗೂ ನೆನಪಿರುವ ಇಳಿಕೆಯ ಎಣಿಕೆ. 1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ, ಬೀದಿ ಮಕ್ಕಳಿಗಾಗಿ ಹುಟ್ಟಿದ ಸಹಾಯವಾಣಿ ಇದು. ಇದಕ್ಕೆ ಚಾಲನೆ ಕೊಟ್ಟವರು ಜೆರೂ ಬಿಲಿಮೋರಿಯಾ. ಆಮೇಲೆ ದೇಶದ ತುಂಬ ಹರಡಿತು. 2023ರಿಂದ ಸರ್ಕಾರವೇ ನೇರವಾಗಿ ಇದನ್ನ ನಡೆಸ್ತಾ ಇದೆ, 112ರ ತುರ್ತು ಸೇವೆಗೂ ಜೋಡಿಸಿದೆ. ನಂಬರ್ ಮಾತ್ರ ಬದಲಾಗಿಲ್ಲ.

ಕರೆ ಬಂತು ಅಂತಿಟ್ಟುಕೊಳ್ಳಿ. "ನಮ್ಮೂರಲ್ಲಿ ನಾಡಿದ್ದು ಹತ್ತನೇ ಕ್ಲಾಸ್ ಹುಡುಗಿಗೆ ಮದುವೆ." ಹೇಳಿದವರು ಹೆಸರು ಹೇಳಲ್ಲ. ಮಾಹಿತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿ ಮೇಲ್ವಿಚಾರಕಿ, ಪೊಲೀಸರು, ಪಿಡಿಒ, ಇವರ ಜೊತೆ ರಕ್ಷಣಾ ಘಟಕದ ಒಬ್ಬ ಕಾರ್ಯಕರ್ತೆ ಆ ಮನೆಗೆ ಹೋಗ್ತಾರೆ. ಮೊದಲ ಜಗಳ ವಯಸ್ಸಿನದ್ದು. "ಹದಿನೆಂಟು ತುಂಬಿದೆ ರೀ" ಅಂತ ಮನೆಯವರು. ಕಾನೂನು ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ದಾಖಲೆಯನ್ನ. ಅದು ಇಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹಾಗಾಗಿ ಅನುಭವಸ್ಥ ಕಾರ್ಯಕರ್ತೆ ಮದುವೆ ಮನೆಗೆ ಹೋಗೋಕೆ ಮುಂಚೆ ಹೆಡ್‌ಮಾಸ್ತರ ಹತ್ತಿರ ಹೋಗಿರ್ತಾರೆ.

ನಮ್ಮ ರಾಜ್ಯದಲ್ಲಿ ಕಾನೂನು ಗಟ್ಟಿಯಾಗಿದೆ. ಕೇಂದ್ರದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂದಿದೆ. ಅಂದರೆ ತಾಳಿ ಬಿದ್ದರೂ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಆದರೆ ತಾಳಿ ಕಟ್ಟಿಸಿಕೊಂಡ ಹುಡುಗಿಗೆ ಊರು ಹಾಗೆ ಹೇಳುತ್ತಾ? ಹೇಳಲ್ಲ. ಅದಕ್ಕೇ ಮುಂಚೆ ತಡೆಯೋದು ಮುಖ್ಯ.

ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಳ್ತಾರೆ. ನಮ್ಮ ಕ್ಯಾಮೆರಾ ಅಲ್ಲಿಗೆ ವಾಪಸ್ ಬರುತ್ತೆ. ನಿಜವಾದ ಕೆಲಸ ಶುರುವಾಗೋದೇ ಅಲ್ಲಿಂದ.

2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಮದುವೆಯ ಅಪಾಯ ಎದುರಿಸುತ್ತಿರುವ ಹುಡುಗಿ "ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು". ಅಂಥ ಮಗುವನ್ನ ರಕ್ಷಿಸಿ ಕರೆತಂದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬ ಮಹಿಳೆ. ಮ್ಯಾಜಿಸ್ಟ್ರೇಟರ ಅಧಿಕಾರ ಇರುವ ಸಮಿತಿ ಇದು. ಹುಡುಗಿ ಮನೆಗೆ ಹೋಗಬೇಕಾ, ಅಜ್ಜಿ ಮನೆಗಾ, ಬಾಲಮಂದಿರಕ್ಕಾ ಅನ್ನುವುದನ್ನ ಇವರು ತೀರ್ಮಾನಿಸ್ತಾರೆ.

ಯಾವ ಆಧಾರದ ಮೇಲೆ? ಇಲ್ಲಿದೆ ಈ ಉದ್ಯೋಗದ ತಿರುಳು. ಸಾಮಾಜಿಕ ತನಿಖಾ ವರದಿ ಅಂತ ಒಂದಿದೆ. ಅದನ್ನ ಹದಿನೈದು ದಿನದಲ್ಲಿ ಕೊಡಬೇಕು. ಮನೆಯಲ್ಲಿ ಯಾರ್ಯಾರಿದ್ದಾರೆ, ಸಾಲ ಎಷ್ಟು, ಅಪ್ಪ ಕುಡೀತಾನಾ, ಹೈಸ್ಕೂಲ್ ಎಷ್ಟು ದೂರ, ಬಸ್ ಇದೆಯಾ, ಗುಳೆ ಹೋಗುವ ಕುಟುಂಬವಾ, ಹುಡುಗಿಯನ್ನ ಒಬ್ಬಳನ್ನೇ ಊರಲ್ಲಿ ಬಿಟ್ಟು ಹೋಗೋಕೆ ಹೆದರಿ ಮದುವೆ ಮಾಡೋಕೆ ಹೊರಟಿದ್ರಾ? ಎಲ್ಲಕ್ಕಿಂತ ಮುಖ್ಯ, ಹುಡುಗಿಗೆ ಏನು ಬೇಕು? ಅವಳು ಅದನ್ನ ಮೊದಲ ದಿನ ಹೇಳಲ್ಲ. ಎರಡನೇ ದಿನ "ನಂಗೇನೂ ಗೊತ್ತಿಲ್ಲ ಅಕ್ಕ" ಅಂತಾಳೆ. ಮೂರನೇ ಸಲ ಹೋದಾಗ, ಅಮ್ಮ ನೀರು ತರೋಕೆ ಹೋಗಿರುವಾಗ, ಬಾಯಿ ಬಿಡ್ತಾಳೆ.

ಒಂದು ತಪ್ಪು ವರದಿ ಏನು ಮಾಡಬಲ್ಲದು ಯೋಚಿಸಿ. ಸುಮ್ಮನೆ "ಮನೆ ಸುರಕ್ಷಿತ" ಅಂತ ಬರೆದರೆ ಹುಡುಗಿ ಮತ್ತೆ ಅದೇ ಚಪ್ಪರಕ್ಕೆ ಹೋಗಬಹುದು. ಸುಮ್ಮನೆ "ಮನೆ ಸರಿಯಿಲ್ಲ" ಅಂತ ಬರೆದರೆ, ಬಡತನ ಒಂದನ್ನು ಬಿಟ್ಟು ಬೇರೇನೂ ತಪ್ಪಿಲ್ಲದ ತಾಯಿಯಿಂದ ಮಗುವನ್ನ ಕಿತ್ತುಕೊಂಡ ಹಾಗಾಗುತ್ತೆ. ಬಾಲಮಂದಿರ ಕೊನೆಯ ದಾರಿ ಆಗಿರಬೇಕು ಅನ್ನುವುದು ಕಾನೂನಿನ ಮೂಲತತ್ವ. ಅದಕ್ಕೇ ಪ್ರಾಯೋಜಕತ್ವ ಅನ್ನುವ ಯೋಜನೆ ಇದೆ. ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮಗು ಮನೆಯಲ್ಲೇ ಇದ್ದು ಓದಲಿ ಅಂತ. ಆ ಅರ್ಜಿ ತುಂಬಿಸಿ, ಬ್ಯಾಂಕ್ ಖಾತೆ ಮಾಡಿಸಿ, ದುಡ್ಡು ಬಂತಾ ಅಂತ ವಿಚಾರಿಸುವುದೂ ಇದೇ ಕಾರ್ಯಕರ್ತರ ಕೆಲಸ.

ಮದುವೆ ಒಂದೇ ಅಲ್ಲ. ರೈಲ್ವೆ ಪ್ಲಾಟ್‌ಫಾರಂನಲ್ಲಿ ಸಿಕ್ಕ ಮಗು, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ಮಗು, ದೌರ್ಜನ್ಯಕ್ಕೆ ಒಳಗಾದ ಮಗು. 2012ರ ಪೋಕ್ಸೊ ಕಾಯ್ದೆಯಲ್ಲಿ, ಹೇಳಿಕೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಮಗುವನ್ನ ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಪಕ್ಕ ನಿಲ್ಲಲು ಒಬ್ಬ ಬೆಂಬಲ ವ್ಯಕ್ತಿಯನ್ನ ನೇಮಿಸುವ ವ್ಯವಸ್ಥೆಯೂ ಇದೆ. ಕೋರ್ಟಿನ ಕಾರಿಡಾರಿನಲ್ಲಿ ಮಗುವಿನ ಕೈ ಹಿಡಿದು ಕೂರುವುದೂ ಒಂದು ವೃತ್ತಿ ಸ್ವಾಮಿ.

ಈ ಕೆಲಸಕ್ಕೆ ಸೇರೋದು ಹೇಗೆ? ಬಹುತೇಕರು ಬರುವ ದಾರಿ ಸಮಾಜಕಾರ್ಯದ ಪದವಿ, ಎಂಎಸ್‌ಡಬ್ಲ್ಯೂ. ದೇಶದಲ್ಲಿ ಈ ವಿಷಯದ ಮೊದಲ ಶಾಲೆ 1936ರಲ್ಲಿ ಮುಂಬೈನಲ್ಲಿ ಶುರುವಾಯ್ತು. ಅದೇ ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ನಮ್ಮ ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ಈಗ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ಕೋರ್ಸ್ ಇದೆ. ಮನೋವಿಜ್ಞಾನ, ಕಾನೂನು ಓದಿದವರಿಗೂ ಜಾಗವಿದೆ. ಹೊರಸಂಪರ್ಕ ಕಾರ್ಯಕರ್ತ, ಸಮಾಜ ಕಾರ್ಯಕರ್ತ, ಆಪ್ತಸಮಾಲೋಚಕ, ಕಾನೂನು ಮತ್ತು ಪರಿವೀಕ್ಷಣಾಧಿಕಾರಿ, ರಕ್ಷಣಾಧಿಕಾರಿ, ಹೀಗೆ ಹುದ್ದೆಗಳು. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯಲ್ಲೂ ಮ್ಯಾಜಿಸ್ಟ್ರೇಟರ ಪಕ್ಕ ಇಬ್ಬರು ಸಮಾಜ ಕಾರ್ಯಕರ್ತರು ಕೂರ್ತಾರೆ.

ಈಗ ಸಂಬಳದ ಮಾತು. ಕೇಳಿ ಬೇಸರ ಮಾಡ್ಕೋಬೇಡಿ. ಜಿಲ್ಲಾ ಘಟಕದ ಈ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಕೇಂದ್ರದ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಹೊರಸಂಪರ್ಕ ಕಾರ್ಯಕರ್ತರಿಗೆ ನಿಗದಿಯಾದ ಮೊತ್ತ ತಿಂಗಳಿಗೆ 10,592 ರೂಪಾಯಿ. ಆಪ್ತಸಮಾಲೋಚಕರಿಗೆ 18,536. ರಕ್ಷಣಾಧಿಕಾರಿಗೆ 27,804. ಬೆಳಗಿನ ಜಾವದ ಮುಹೂರ್ತಕ್ಕೆ ಮುಂಚೆ ಓಡಬೇಕು, ಊರವರ ಬೈಗುಳ ತಿನ್ನಬೇಕು, ತಿಂಗಳ ಕೊನೆಗೆ ಇಷ್ಟು.

ಇದು ಬರೀ ನೌಕರರ ಕಷ್ಟ ಅಂದುಕೊಳ್ಳಬೇಡಿ. ಇದು ಮಗುವಿನ ಕಷ್ಟ. ಮೂರು ಭೇಟಿ ಆದ ಮೇಲೆ ಬಾಯಿಬಿಟ್ಟ ಹುಡುಗಿಯ ಅಕ್ಕ, ಎಂಟು ತಿಂಗಳಿಗೆ ಬೇರೆ ಕೆಲಸ ಸಿಕ್ಕಿ ಹೋಗಿಬಿಟ್ಟರೆ? ಹೊಸಬರು ಬಂದು "ಏನಾಯ್ತು ಹೇಳಮ್ಮ" ಅಂತಾರೆ. ಅವಳು ಮತ್ತೆ ಮೊದಲಿಂದ ಹೇಳಬೇಕು. ಕೆಲವರು ಹೇಳಲ್ಲ, ಸುಮ್ಮನಾಗ್ತಾರೆ. ಕಡತ ಹೊಸಬರ ಕೈಗೆ ಕೊಡಬಹುದು, ನಂಬಿಕೆ ಕೊಡೋಕಾಗುತ್ತಾ?

ಕೊನೆಗೆ ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ. ಹಿಂದೊಮ್ಮೆ ಇಂಥದ್ದೇ ಸುದ್ದಿಯಲ್ಲಿ ಹುಡುಗಿಯ ಮುಖ ಮಸುಕು ಮಾಡಿದ್ವಿ. ಅಪ್ಪನ ಮುಖ ಮಾಡಿರಲಿಲ್ಲ. ಹಿಂದೆ ಊರ ಗುಡಿಯೂ ಕಾಣ್ತಿತ್ತು. ಮರುದಿನ ಒಬ್ಬ ಕಾರ್ಯಕರ್ತೆಯ ಫೋನ್ ಬಂತು. ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ. "ಸರ್, ನಾಲ್ಕು ಸಲ ಓಡಾಡಿ ಅವಳನ್ನ ಶಾಲೆಗೆ ಒಪ್ಪಿಸಿದ್ದೆ. ಈಗ ಎಲ್ಲರಿಗೂ ಗೊತ್ತಾಗಿದೆ, ಹೋಗಲ್ಲ ಅಂತಿದ್ದಾಳೆ. ಪರವಾಗಿಲ್ಲ, ನಾಳೆ ಮತ್ತೆ ಹೋಗ್ತೀನಿ. ನೀವು ಆ ವಿಡಿಯೋ ತೆಗೆದುಬಿಡಿ." ಇಷ್ಟೇ. ಮಗುವಿನ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ. ಆಕೆ ಕಾನೂನಿನ ಮಾತೇ ಎತ್ತಲಿಲ್ಲ. ವಿಡಿಯೋ ತೆಗೆಸಿದೆ. ಅವತ್ತಿಂದ ಇಂಥ ಸುದ್ದಿ ಬಂದರೆ ಮೊದಲು ಹಿನ್ನೆಲೆ ನೋಡ್ತೀನಿ.

ನಿಮ್ಮ ಬೀದಿಯಲ್ಲಿ, ಬಂಧುಗಳ ಮನೆಯಲ್ಲಿ ಏನಾದರೂ ಕಂಡರೆ 1098ಕ್ಕೆ ಕರೆ ಮಾಡಿ. ವಿಡಿಯೋ ಮಾಡಿ ಗ್ರೂಪಿಗೆ ಹಾಕಬೇಡಿ. ನಿಮ್ಮ ಮಗಳೋ ಮಗನೋ "ನಾನು ಎಂಎಸ್‌ಡಬ್ಲ್ಯೂ ಮಾಡ್ತೀನಿ" ಅಂದರೆ, "ಅದ್ರಲ್ಲಿ ಏನ್ ಸಿಗುತ್ತೆ" ಅಂತ ತಕ್ಷಣ ಬಾಯಿ ಮುಚ್ಚಿಸಬೇಡಿ. ಆ ಪ್ರಶ್ನೆ ಕೇಳಬೇಕಾದ್ದು ಮಕ್ಕಳನ್ನಲ್ಲ, 10,592 ಅಂತ ಬರೆದವರನ್ನ. ಮುಂದಿನ ಸಲ ವೋಟು ಕೇಳೋಕೆ ಬಂದವರ ಹತ್ತಿರ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ನಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಎಷ್ಟು ಹುದ್ದೆ ಖಾಲಿ ಇವೆ?