ಲೋಹದೊಳಗಿನ ದಾಸ್ತಾನು

ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಈ ವಿಜ್ಞಾನ ನನಗೆ ಅಬ್ಬಾರ ಅಂಗಡಿ ಲೆಕ್ಕದ ಹಾಗೆಯೇ ಕಂಡಿತು.

ಒಂದು ಲ್ಯಾಂಥನಮ್ ಪರಮಾಣುವಿಗೆ ಐದು ನಿಕ್ಕಲ್ ಪರಮಾಣು ಸೇರಿದ ಮಿಶ್ರಲೋಹ ಹೈಡ್ರೋಜನ್ ಅನಿಲವನ್ನು ಹೀರಿಕೊಳ್ಳುತ್ತದೆ. 100 ಕೆಜಿ ಲೋಹಕ್ಕೆ ಸುಮಾರು 1.4 ಕೆಜಿ. ಇದನ್ನು ಅಳೆಯುವುದು ಹೇಗೆ?

ಗಾತ್ರ ಗೊತ್ತಿರುವ ಪಾತ್ರೆಯಲ್ಲಿ ಅನಿಲ ತುಂಬಿ, ಲೋಹವಿರುವ ಪಾತ್ರೆಯ ಕಡೆಗೆ ವಾಲ್ವ್ ತೆರೆಯುತ್ತಾರೆ. ಒತ್ತಡ, ಉಷ್ಣತೆ ನೋಡಿ ಮೊದಲಿದ್ದ ಅನಿಲವೆಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಆರಂಭಿಕ ದಾಸ್ತಾನಿನಲ್ಲಿ ಅಂತಿಮ ದಾಸ್ತಾನು ಕಳೆದರೆ ಲೋಹ ಹೀರಿದ್ದು ಸಿಗುತ್ತದೆ.

ಆದರೆ ಎಲ್ಲಾದರೂ ಸೋರಿದ್ದರೆ ಅದೂ ಲೋಹದ ಹೆಸರಿಗೇ ಬೀಳುತ್ತದೆ. ಅದಕ್ಕೇ ಮೊದಲು ಸೋರಿಕೆ ಪರೀಕ್ಷೆ.

ಒಮ್ಮೆ ಅಂಗಡಿಯಲ್ಲಿ ಸಕ್ಕರೆ ಕಡಿಮೆ ಬಂದಾಗ ಕೆಲಸದ ಹುಡುಗನ ಮೇಲೆ ಅನುಮಾನಪಟ್ಟಿದ್ದೆ. ನೋಡಿದರೆ ಚೀಲ ತೂತಾಗಿತ್ತು. ಇದನ್ನು ಓದಿದ ದಿನವೇ ಅವನ ಬಳಿ ಮಾಫಿ ಕೇಳಿದೆ.