ಐದನೆಯ ಪಾಲು

ಕೊಯಮತ್ತೂರಿನಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಅನ್ನೂರಿನ ಸೀಮೆಯಲ್ಲಿಯೂ, ಭವಾನಿ ನದಿಯ ಸಮೀಪದ ಸಿರುಮುಗೈಯಂಥ ನೇಕಾರರ ಊರುಗಳಲ್ಲಿಯೂ, ಬೀದಿಯಲ್ಲಿ ತಮಿಳನ್ನಾಡಿ ಮನೆಯೊಳಗೆ ಕನ್ನಡವನ್ನೇ ಉಳಿಸಿಕೊಂಡಿರುವ ದೇವಾಂಗ ಕುಟುಂಬಗಳು ತಲೆತಲಾಂತರದಿಂದ ನೆಲೆಸಿರುವುವು. ಚೌಡೇಶ್ವರಿಯು ಇವರ ಕುಲದೇವತೆ; ನೇಯ್ಗೆ ಇವರ ಕುಲವೃತ್ತಿ. ರೇಷ್ಮೆಯನ್ನೂ ಹತ್ತಿಯನ್ನೂ ಕೂಡಿಸಿ ನೇಯುವ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೋವೈ ಕೋರಾ ಸೀರೆ ಈ ಸೀಮೆಯ ಕೀರ್ತಿ. ಇಂಥ ವಿದ್ಯೆಗೆ ಬಹುಕಾಲದವರೆಗೆ ಶಾಲೆಯೇ ಬೇಕಾಗಿರಲಿಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದ ಮಗು ಕ್ರಮೇಣ ಲಾಳಿ ಹಿಡಿಯುವ ಪ್ರಾಯಕ್ಕೆ ಬರುವಷ್ಟರಲ್ಲಿ, ಯಾರೂ ಕಲಿಸಿದೆನೆನ್ನದೆ, ತಾನೂ ಕಲಿತೆನೆನ್ನದೆ, ನೇಕಾರನಾಗಿರುತ್ತಿತ್ತು.

ಹಳೆಯ ಹಾಸು ಮುಗಿದು ಹೊಸ ಹಾಸನ್ನು ಮಗ್ಗಕ್ಕೆ ಏರಿಸುವ ಹೊತ್ತನ್ನೇ ನೋಡಿರಿ. ಮುಗಿದ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಸವರಿದ ಬೆರಳುಗಳಿಂದ ಹೊಸೆದು ಕೂಡಿಸಬೇಕು. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಬಟ್ಟೆಯ ಉದ್ದಕ್ಕೂ ಆ ದೋಷ ಗೆರೆಯಾಗಿ ಓಡುವುದು. ಈ ಹೊಸೆತ ಪುಸ್ತಕದಿಂದ ಬರತಕ್ಕದ್ದಲ್ಲ. ಬಲ್ಲವರ ಮಗ್ಗುಲಲ್ಲಿ ತಿಂಗಳುಗಟ್ಟಲೆ ಕುಳಿತು, ನೂಲನ್ನು ಹಾಳುಮಾಡಿಯೇ ಅದನ್ನು ಕಲಿಯಬೇಕು.

ಈಗ ಹಾಗೆ ಕುಳಿತುಕೊಳ್ಳುವ ಮಕ್ಕಳು ವಿರಳರಾಗುತ್ತಿದ್ದಾರೆ. 2009–10ರ ರಾಷ್ಟ್ರೀಯ ಕೈಮಗ್ಗ ಗಣತಿಯಲ್ಲಿ 43.31 ಲಕ್ಷದಷ್ಟಿದ್ದ ನೇಕಾರರು ಮತ್ತು ಸಹಾಯಕ ಕೆಲಸಗಾರರ ಸಂಖ್ಯೆ 2019–20ರ ಗಣತಿಗೆ 35.22 ಲಕ್ಷಕ್ಕೆ ಇಳಿಯಿತು. ಅನ್ನೂರಿನ ಒಂದು ಪಕ್ಕಕ್ಕೆ ಕೊಯಮತ್ತೂರಿನ ಗಿರಣಿಗಳು, ಇನ್ನೊಂದು ಪಕ್ಕಕ್ಕೆ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು. ತಿಂಗಳ ಕೊನೆಗೆ ತಪ್ಪದೆ ಸಂಬಳ ಬರುವ ಕಡೆಗೆ ಮಕ್ಕಳು ಹೊರಟರೆ ಅವರನ್ನು ದೂಷಿಸುವ ಅಧಿಕಾರ ನಮಗಾರಿಗೂ ಇಲ್ಲ. ಮನೆಯು ಕಲಿಸಲಾರದೆ ಹೋದುದನ್ನು ಸಮುದಾಯದ ಶಾಲೆಯೊಂದು ಕಲಿಸಬೇಕು; ಆ ಶಾಲೆಯಾದರೋ ವಿದ್ಯಾರ್ಥಿಗಳ ಶುಲ್ಕದಿಂದ ಬದುಕಲಾರದು, ಏಕೆಂದರೆ ಅಲ್ಲಿಗೆ ಬರತಕ್ಕವರು ಒಂದು ದಿನದ ಕೂಲಿಯನ್ನು ಬಿಟ್ಟು ಬರುವವರು. ಆದಕಾರಣ ಅದು ದಾನದಿಂದಲೇ ಬೆಳೆಯಬೇಕು.

ದಾನ ಹೇಗಿರಬೇಕೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಉಜ್ಜ್ವಲವಾದ ನಿದರ್ಶನವುಂಟು. ಪೀಳಮೇಡಿನ ಪಿ. ಎಸ್. ಗೋವಿಂದಸ್ವಾಮಿ ನಾಯುಡು ಅವರ ನಾಲ್ವರು ಪುತ್ರರು ಪಿತ್ರಾರ್ಜಿತವನ್ನು ಹಂಚಿಕೊಳ್ಳುವಾಗ ಅದನ್ನು ನಾಲ್ಕು ಪಾಲು ಮಾಡದೆ ಐದು ಪಾಲು ಮಾಡಿ, ಐದನೆಯದನ್ನು ಧರ್ಮಕ್ಕೆಂದು ಎತ್ತಿಟ್ಟರು. 1926ರಲ್ಲಿ 2,01,000 ರೂಪಾಯಿಗಳ ಮೂಲನಿಧಿಯಿಂದ ಪಿ.ಎಸ್.ಜಿ. ಧರ್ಮಸಂಸ್ಥೆ ಹುಟ್ಟಿತು, ಅದೇ ವರ್ಷ ಅದರ ಕೈಗಾರಿಕಾ ಶಿಕ್ಷಣಾಲಯವೂ ಆರಂಭವಾಯಿತು. ಕಲಿಕೆಯೂ ತಯಾರಿಕೆಯೂ ಒಂದೇ ಸೂರಿನಡಿ ನಡೆದ ಆ ಶಿಕ್ಷಣಾಲಯದಿಂದ ಪಂಪು, ಮೋಟಾರುಗಳು ಹೊರಬಂದವು. ಅದೇ ಧರ್ಮಸಂಸ್ಥೆಯಿಂದ ಮುಂದೆ ಎಂಜಿನಿಯರಿಂಗ್ ಕಾಲೇಜೂ ವೈದ್ಯಕೀಯ ಕಾಲೇಜೂ ಬೆಳೆದವು. ನನ್ನನ್ನು ಮುಗ್ಧಗೊಳಿಸುವುದು ಮೊತ್ತದ ಹಿರಿಮೆಯಲ್ಲ. ಸಮಾಜವನ್ನು ಒಡಹುಟ್ಟಿದವನೆಂದು ಬಗೆದು ಅವನಿಗೂ ಹಕ್ಕಿನ ಪಾಲಿಟ್ಟ ಆ ಭಾವನೆ. ಉತ್ಸವದ ದಿನ ಉಕ್ಕಿ ಮರುದಿನ ಬತ್ತುವ ಔದಾರ್ಯದಿಂದ ಶಾಲೆಗಳು ಉಳಿಯವು.

ಕಟ್ಟಡಕ್ಕೆ ಕೊಡಲು ಜನ ಸಿಕ್ಕುತ್ತಾರೆ, ಗೋಡೆಯ ಮೇಲೆ ಹೆಸರು ಕೆತ್ತಿಸಬಹುದಾದ್ದರಿಂದ. ಹೊಸ ಕಲಿಕೆಯ ಹುಡುಗ ಕೆಡಿಸುವ ರೇಷ್ಮೆಗೆ, ಸವೆದ ಹಣಿಗೆಗೆ, ಅವನ ಮಧ್ಯಾಹ್ನದ ಊಟಕ್ಕೆ ಕೊಡುವವರು ಕಡಮೆ. ಶಾಲೆಯ ಪ್ರಾಣವಿರುವುದಾದರೋ ಅಲ್ಲಿಯೇ. ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಶತಮಾನೋತ್ಸವ ಗ್ರಾಮೀಣಾಭಿವೃದ್ಧಿ ಟ್ರಸ್ಟು ನಡೆಸುವ ಸಿ. ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಈ ಮರ್ಮವನ್ನರಿತು, ಕಲ್ಲು, ಮರ, ಲೋಹಗಳ ಕೆತ್ತನೆ ಕಲಿಯುವವರಿಗೆ ಊಟ ವಸತಿಗಳನ್ನೂ ಉಚಿತವಾಗಿ ಒದಗಿಸಿದೆ. ನರ್ಮದೆಯ ತೀರದ ಮಹೇಶ್ವರದಲ್ಲಿ ವಿಮೆನ್‌ವೀವ್ ಸಂಸ್ಥೆಯ ಕೈಮಗ್ಗ ಶಾಲೆ ತರುಣ ನೇಕಾರರಿಗೆ ವಿನ್ಯಾಸದ ಜೊತೆಗೆ ಲೆಕ್ಕಪತ್ರವನ್ನೂ ವ್ಯಾಪಾರವನ್ನೂ ಕಲಿಸುತ್ತದೆ. ನೇಯುವವನಿಗೆ ತನ್ನ ಬಟ್ಟೆಯ ಬೆಲೆ ತಾನೇ ಹೇಳುವ ಧೈರ್ಯ ಬರದಿದ್ದರೆ ಮಗ್ಗಕ್ಕೆ ಮರಳಿ ಬಂದವನೂ ಬಹುಕಾಲ ನಿಲ್ಲನು.

ಇಂಥ ಶಾಲೆಗೆ ನೆರವಾಗುವುದು ನಮ್ಮ ಸೀಮೆಯ ಗಿರಣಿಗಳಿಗೆ ಕಾನೂನಿನ ಮೂಲಕವೂ ಸಾಧ್ಯ. 2013ರ ಕಂಪನಿಗಳ ಕಾಯಿದೆಯಂತೆ, ಅದರ ಮಿತಿಗೆ ಒಳಪಟ್ಟ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಸಾಂಪ್ರದಾಯಿಕ ಕಲೆ ಹಾಗೂ ಕರಕುಶಲಗಳ ಅಭಿವೃದ್ಧಿಯೂ ವೃತ್ತಿ ಶಿಕ್ಷಣವೂ ಆ ಕಾರ್ಯಗಳ ಪಟ್ಟಿಯಲ್ಲಿವೆ. ಹತ್ತಿಯಿಂದಲೇ ಶ್ರೀಮಂತವಾದ ಈ ನಾಡಿನಲ್ಲಿ ಆ ಹಣದ ಒಂದಂಶ ಕೈಮಗ್ಗದ ಶಾಲೆಗೆ ಹರಿಯುವುದು ನ್ಯಾಯವೇ ಸರಿ.

ನಗದು ಕೊಡಲಾರದ ಮನೆಗಳೂ ಬರಿಗೈಯವಲ್ಲ. ಮೂಲೆಯಲ್ಲಿ ಬಿಚ್ಚಿಟ್ಟ ಮಗ್ಗವೊಂದು, ಉಪಯೋಗಿಸದ ರಾಟೆ, ವಾರದಲ್ಲಿ ಎರಡು ಹೊತ್ತು ಬಂದು ಎಳೆ ಕೂಡಿಸುವುದನ್ನು ತೋರಿಸುವ ಹಿರಿಯರ ಸಹನೆ, ಇವೂ ದಾನವೇ. ಆದರೆ ಆ ಹಿರಿಯರನ್ನು ಪುಕ್ಕಟೆಯಾಗಿ ದುಡಿಸದೆ, ಗುರುಗಳಿಗೆ ಸಲ್ಲತಕ್ಕ ಗೌರವಧನವನ್ನು ಶಾಲೆಯ ಮೂಲನಿಧಿಯ ಬಡ್ಡಿಯಿಂದ ಕೊಡಬೇಕು. ಅನ್ನೂರಿನ ಸುತ್ತಿನಲ್ಲಿ ಅಂಥವರು ಇನ್ನೂ ಮಗ್ಗದ ಮೇಲಿದ್ದಾರೆ; ಶಾಲೆ ತೆರೆಯುವುದಾದರೆ ಅವರ ಕಣ್ಣು ಸೂಕ್ಷ್ಮವಾಗಿರುವಾಗಲೇ ತೆರೆಯಬೇಕು.