ಅಭೀತಿ: ವೇದಾಂತ ದೇಶಿಕರ ಶರಣಾಗತಿ

ಕೊಳ್ಳೇಗಾಲದಿಂದ ಶಿವನಸಮುದ್ರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸತ್ಯಗಾಲವೆಂಬ ಊರು ಸಿಕ್ಕುತ್ತದೆ. ಕಾವೇರಿಯು ಕವಲೊಡೆದು ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವ ತಾಣವು ಸಮೀಪದಲ್ಲಿಯೇ ಇರುವುದರಿಂದ ಪ್ರವಾಸಿಗಳು ಸಾಮಾನ್ಯವಾಗಿ ಈ ಊರಿನಲ್ಲಿ ಇಳಿಯದೆ ಮುಂದಕ್ಕೆ ಸಾಗುತ್ತಾರೆ. ಆದರೆ ದೈವನಿಷ್ಠೆಯು ಆಪತ್ಕಾಲದಲ್ಲಿ ಮನುಷ್ಯನಿಗೆ ಯಾವ ಬಗೆಯ ಆಧಾರವಾಗಬಲ್ಲುದೆಂಬುದನ್ನು ವಿಚಾರಿಸಹೊರಟವನು ಇಲ್ಲಿ ತುಸು ನಿಲ್ಲಬೇಕು. ಏಕೆಂದರೆ ಸುಮಾರು ಏಳುನೂರು ವರ್ಷಗಳ ಹಿಂದೆ, ವಾಸದ ಊರನ್ನೂ ಜೊತೆಯ ವಿದ್ವಜ್ಜನರನ್ನೂ ನಿತ್ಯವೂ ಸೇವಿಸುತ್ತಿದ್ದ ಸನ್ನಿಧಿಯನ್ನೂ ಒಮ್ಮೆಗೇ ಕಳೆದುಕೊಂಡು ಬಂದ ವೇದಾಂತ ದೇಶಿಕರು ಆಶ್ರಯ ಪಡೆದುದು ಈ ಊರಿನಲ್ಲೆಂದೂ, ತಮ್ಮ ‘ಅಭೀತಿಸ್ತವ’ವನ್ನು ರಚಿಸಿದುದು ಇಲ್ಲಿಯೇ ಎಂದೂ ಶ್ರೀವೈಷ್ಣವ ಸಂಪ್ರದಾಯವು ನಂಬಿಕೊಂಡು ಬಂದಿದೆ. ಇಲ್ಲಿ ಹರಿಯುವ ನೀರೇ ಮುಂದೆ ಶ್ರೀರಂಗದ ದ್ವೀಪವನ್ನು ಬಳಸಿ ಹರಿಯತಕ್ಕದ್ದು. ತಾವು ಹಿಂದಿರುಗಲಾಗದ ಊರಿಗೆ ನದಿಯು ಅನುದಿನವೂ ಹೋಗುತ್ತಿರುವುದನ್ನು ಅವರು ಕಂಡಿರಲೇಬೇಕು.

ಕಂಚಿಯ ಬಳಿಯ ತೂಪ್ಪುಲ್ ಎಂಬಲ್ಲಿ 1268ರಲ್ಲಿ ಹುಟ್ಟಿ, ವೇಂಕಟನಾಥನೆಂಬ ಹೆಸರಿನಿಂದ ಬೆಳೆದು, ಸೋದರಮಾವನಾದ ಆತ್ರೇಯ ರಾಮಾನುಜರಲ್ಲಿ ಶಾಸ್ತ್ರಾಭ್ಯಾಸ ಮಾಡಿ, ಸಂಸ್ಕೃತ, ತಮಿಳು, ಪ್ರಾಕೃತ, ಮಣಿಪ್ರವಾಳಗಳಲ್ಲಿ ಸಮಾನವಾದ ಅಧಿಕಾರದಿಂದ ಬರೆದು ‘ಕವಿತಾರ್ಕಿಕಸಿಂಹ’ರೆನಿಸಿದ ಈ ಆಚಾರ್ಯರ ಪಾಂಡಿತ್ಯವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ನಮಗೆ ಪ್ರಸ್ತುತವಾದುದು ಅವರ ಕಾಲಕ್ಕೆ ಬಂದೊದಗಿದ ವಿಪತ್ತು. 1311ರಲ್ಲಿ ಮಲಿಕ್ ಕಾಫೂರನ ಸೇನೆಯು ತಮಿಳುನಾಡಿನೊಳಕ್ಕೆ ನುಗ್ಗಿದ್ದಿತು; 1323ರಲ್ಲಿ, ಮುಂದೆ ಮಹಮ್ಮದ್ ಬಿನ್ ತುಘಲಕ್ ಎಂದು ಪ್ರಸಿದ್ಧನಾದ ಉಲುಘ್ ಖಾನನ ದಂಡು ದಕ್ಷಿಣಕ್ಕೆ ಬಂದಿತು. ಆ ದಾಳಿಯ ವಾರ್ತೆ ಶ್ರೀರಂಗವನ್ನು ಮುಟ್ಟಿದಾಗ ಅಲ್ಲಿಯ ಹಿರಿಯರು ಗರ್ಭಗೃಹದ ಮೂಲಮೂರ್ತಿಯ ಮುಂದೆ ಗೋಡೆಯೆಬ್ಬಿಸಿ ಮರೆಮಾಡಿದರೆಂದೂ, ಎತ್ತಿ ಒಯ್ಯಬಹುದಾದ ಉತ್ಸವಮೂರ್ತಿಯನ್ನು ಹೊತ್ತು ಪಿಳ್ಳೈ ಲೋಕಾಚಾರ್ಯರು ಮುದಿವಯಸ್ಸಿನಲ್ಲಿ ಮಧುರೆಯ ಕಡೆಗೆ ಹೊರಟರೆಂದೂ, ಆ ಪ್ರಯಾಣದ ಆಯಾಸದಲ್ಲಿಯೇ ಜ್ಯೋತಿಷ್ಕುಡಿಯೆಂಬಲ್ಲಿ ದೇಹವನ್ನು ಬಿಟ್ಟರೆಂದೂ ಪರಂಪರೆಯು ಹೇಳುತ್ತದೆ.

ದೇಶಿಕರ ಪಾಲಿಗೆ ಬಂದ ಕೆಲಸ ಬೇರೆ. ರಾಮಾನುಜರ ಶ್ರೀಭಾಷ್ಯಕ್ಕೆ ‘ಶ್ರುತಪ್ರಕಾಶಿಕೆ’ಯೆಂಬ ಮಹಾವ್ಯಾಖ್ಯಾನವನ್ನು ಬರೆದಿದ್ದ ಸುದರ್ಶನಸೂರಿಗಳು ತಮ್ಮ ಗ್ರಂಥದ ಓಲೆಗಳನ್ನೂ ಇಬ್ಬರು ಮಕ್ಕಳನ್ನೂ ಅವರ ವಶಕ್ಕೆ ಒಪ್ಪಿಸಿ ತಾವು ಅಲ್ಲಿಯೇ ಪ್ರಾಣವನ್ನು ನೀಗಿದರು. ಆ ರಾತ್ರಿ ಹತರಾದವರ ದೇಹಗಳ ನಡುವೆ, ತಾವೂ ಶವವೆಂಬಂತೆ, ಹುಡುಗರಿಬ್ಬರನ್ನು ಮಗ್ಗುಲಲ್ಲಿಟ್ಟುಕೊಂಡು ಓಲೆಯ ಕಟ್ಟನ್ನು ಮರೆಮಾಡಿ ದೇಶಿಕರು ಮಲಗಿದ್ದರಂತೆ. ಐವತ್ತೈದರ ಆಸುಪಾಸಿನ ಪಂಡಿತ, ಶಾಸ್ತ್ರಾರ್ಥಗಳಲ್ಲಿ ಸೋಲನ್ನರಿಯದ ವಾದಿ, ಆಗ ಮಾಡಬಹುದಾಗಿದ್ದುದು ಒಂದೇ: ಅಲುಗದಿರುವುದು, ಮಕ್ಕಳು ಕೂಗದಂತೆ ನೋಡಿಕೊಳ್ಳುವುದು, ಬೆಳಕಾಗುವುದನ್ನು ಕಾಯುವುದು. ದಂಡು ತೆರಳಿದ ಮೇಲೆ ಅವರು ಪಶ್ಚಿಮಾಭಿಮುಖರಾಗಿ ನಡೆದು ಹೊಯ್ಸಳ ಸೀಮೆಯನ್ನು ಸೇರಿದರು.

ಶರಣಾಗತಿಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದು ತಿಳಿದವರು ಈ ಎರಡು ವೃತ್ತಾಂತಗಳನ್ನು ಜೊತೆಯಲ್ಲಿಟ್ಟು ನೋಡಬೇಕೆಂದು ನನ್ನ ಬಿನ್ನಹ. ಇವರಿಬ್ಬರ ಅನುಯಾಯಿಗಳು ಮುಂದೆ ತೆಂಗಲೆ, ವಡಗಲೆಯೆಂದು ಎರಡಾಗಿ ಒಡೆದು, ಶರಣಾಗತಿಯಲ್ಲಿ ಜೀವನ ಪ್ರಯತ್ನಕ್ಕೆ ಎಡೆಯುಂಟೋ ಇಲ್ಲವೋ ಎಂದು ಶತಮಾನಗಳ ಕಾಲ ವಾದಿಸಿದರು. ತಾಯಿಬೆಕ್ಕು ಕಚ್ಚಿ ಒಯ್ಯುವ ಮರಿಯಂತೆ ಜೀವನು ಏನನ್ನೂ ಮಾಡಬೇಕಾದುದಿಲ್ಲವೆಂಬ ಮಾರ್ಜಾರನ್ಯಾಯ ಲೋಕಾಚಾರ್ಯರ ಪಕ್ಷದ್ದು. ತಾಯಿಯನ್ನು ತಾನಾಗಿ ತಬ್ಬಿಕೊಳ್ಳುವ ಕಪಿಯ ಮರಿಯಂತೆ ಅಲ್ಪವಾದರೂ ತನ್ನ ಕಡೆಯಿಂದ ಒಂದು ವ್ಯಾಜ ಇರಬೇಕೆಂಬ ಮರ್ಕಟನ್ಯಾಯ ದೇಶಿಕರ ಪಕ್ಷದ್ದು. ಸಿದ್ಧಾಂತದಲ್ಲಿ ಈ ಭೇದವು ಅಲ್ಪವೇನೂ ಅಲ್ಲ. ಆದರೆ ವಿಪತ್ತಿನ ದಿನ ಬಂದಾಗ, ಜೀವನು ಏನನ್ನೂ ಮಾಡಬೇಕಿಲ್ಲವೆಂದ ವೃದ್ಧಾಚಾರ್ಯರು ಮೂರ್ತಿಯನ್ನು ಹೊತ್ತು ಕಾಡುದಾರಿ ಹಿಡಿದರು; ಇನ್ನೊಬ್ಬರು ಗ್ರಂಥವನ್ನೂ ಮಕ್ಕಳನ್ನೂ ಉಳಿಸಿದರು. ತಮ್ಮ ರಕ್ಷಣೆಯ ಚಿಂತೆಯನ್ನು ಬೇರೊಬ್ಬನಲ್ಲಿ ಇಟ್ಟುಬಿಟ್ಟಿದ್ದುದರಿಂದಲೇ ಇತರರ ರಕ್ಷಣೆಗೆ ಅವರ ಕೈಗಳು ತೆರವಾಗಿದ್ದುವೆಂದು ನಾನು ದೃಢವಾಗಿ ನಂಬುತ್ತೇನೆ.

ಶರಣಾಗತಿಗೆ, ಎಂದರೆ ಪ್ರಪತ್ತಿಗೆ, ಅಹಿರ್ಬುಧ್ನ್ಯ ಸಂಹಿತೆ ಮೊದಲಾದ ಆಗಮಗಳು ಆರು ಪ್ರಕಾರಗಳನ್ನು ಎಣಿಸುತ್ತವೆ. ಭಗವಂತನಿಗೆ ಪ್ರಿಯವಾದುದನ್ನು ಮಾಡುವೆನೆಂಬ ಸಂಕಲ್ಪ, ಅಪ್ರಿಯವಾದುದರ ವರ್ಜನ, ತನ್ನ ಅಶಕ್ತಿಯ ಅರಿವಾದ ಕಾರ್ಪಣ್ಯ, ಆತನು ಕಾಯುವನೆಂಬ ಮಹಾವಿಶ್ವಾಸ, ನೀನೇ ರಕ್ಷಕನಾಗೆಂದು ಬೇಡುವ ಗೋಪ್ತೃತ್ವವರಣ ಎಂಬ ಐದೂ ಅಂಗಗಳೆಂದೂ, ಕಡೆಯದಾದ ಆತ್ಮನಿಕ್ಷೇಪವು ಅಂಗಿಯೆಂದೂ ದೇಶಿಕರು ‘ರಹಸ್ಯತ್ರಯಸಾರ’ದಲ್ಲಿ ವಿವರಿಸಿದ್ದಾರೆ. ಇವುಗಳಲ್ಲಿ ಸಂಕಲ್ಪ, ವರ್ಜನಗಳು ಸಜ್ಜನರಾದವರಿಗೆ ಅಭ್ಯಾಸಸಾಧ್ಯ. ಕಾರ್ಪಣ್ಯವನ್ನು ಕಷ್ಟವೇ ಕಲಿಸಿಬಿಡುತ್ತದೆ: ವೈದ್ಯರು ತಲೆಯಲ್ಲಾಡಿಸಿದ ದಿನ, ಬೆಳೆದು ನಿಂತ ಮಗ ಕೈಬಿಟ್ಟುಹೋದ ದಿನ, ತನ್ನ ಬಲ ಇಷ್ಟೇ ಎಂಬುದು ಯಾರಿಗೂ ಗ್ರಂಥದಿಂದ ತಿಳಿಯಬೇಕಾದುದಿಲ್ಲ. ದುರ್ಲಭವಾದುದು ಮಹಾವಿಶ್ವಾಸ. ಹೊರಗೆ ಯಾವ ಪ್ರಮಾಣವೂ ಕಾಣದಿರುವಾಗ, ಕಂಡ ಪ್ರಮಾಣಗಳೆಲ್ಲ ವಿರುದ್ಧವಾಗಿಯೇ ಇರುವಾಗ, ಕಾಯುವವನೊಬ್ಬನಿದ್ದಾನೆಂಬ ನಿಶ್ಚಯವು ಕದಲದೆ ನಿಲ್ಲುವುದು ಬುದ್ಧಿವಂತಿಕೆಯ ಫಲವಲ್ಲ. ಅದಕ್ಕಾಗಿಯೂ ಅವನನ್ನೇ ಬೇಡಬೇಕಾಗುತ್ತದೆ.

ಅಭೀತಿಸ್ತವದ ಹಿರಿಮೆ ಇಲ್ಲಿದೆ. ಭಯವನ್ನು ಗೆದ್ದೆನೆಂಬ ಘೋಷಣೆ ಅದರಲ್ಲಿಲ್ಲ. ತನ್ನ ಕಾಲದ ಜನ ಯಾರಿಗೆ ಹೆದರಿದರು, ಏತಕ್ಕೆ ಹೆದರಿದರು ಎಂಬುದನ್ನು ಮುಚ್ಚಿಡದೆ, ಆ ಭಯವನ್ನೆಲ್ಲ ರಂಗನಾಥನ ಮುಂದೆ ಹರಡಿ, ತನಗೆ ಅಭಯವನ್ನೂ ಶ್ರೀರಂಗಕ್ಕೆ ಮೊದಲಿನ ನೆಮ್ಮದಿಯನ್ನೂ ಕವಿಯು ಯಾಚಿಸುತ್ತಾನೆ. ಹೆದರಿಕೆಯುಂಟಾದರೆ ಭಕ್ತಿಯಲ್ಲಿ ಕೊರತೆಯಿದೆಯೆಂದು ತಮ್ಮನ್ನು ತಾವೇ ಹಳಿದುಕೊಳ್ಳುವ ಸಾತ್ವಿಕರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಈ ಸ್ತೋತ್ರವು ದೊಡ್ಡ ಸಮಾಧಾನ.

ಇನ್ನು ಮಾರ್ಗದರ್ಶನದ ವಿಷಯ. ಮುಂದೇನು ಮಾಡಬೇಕೆಂದು ದೇವರನ್ನು ಕೇಳುವವರು ಸ್ವಪ್ನವನ್ನೋ ಶಕುನವನ್ನೋ ನಿರೀಕ್ಷಿಸುವುದುಂಟು. ವಿಭೀಷಣನ ಶರಣಾಗತಿಯನ್ನೇ ವಸ್ತುವಾಗಿಟ್ಟುಕೊಂಡು ದೇಶಿಕರು ಬರೆದ ‘ಅಭಯಪ್ರದಾನಸಾರ’ವನ್ನು ನೆನೆದಾಗ ನನಗೆ ತೋರುವ ದಾರಿ ಬೇರೆ. ಅಣ್ಣನಿಗೆ ಹಿತವನ್ನು ಹೇಳಿ, ಅವಮಾನಿತನಾಗಿ, ಮಡದಿ ಮಕ್ಕಳನ್ನೂ ಲಂಕೆಯನ್ನೂ ತೊರೆದು, ನಾಲ್ವರು ಸಂಗಡಿಗರೊಡನೆ ಕಡಲ ಈಚೆಯ ದಡಕ್ಕೆ ಬಂದು ಆಕಾಶದಲ್ಲಿಯೇ ನಿಂತ ವಿಭೀಷಣನಿಗೆ ಆಗ ನೆಲವೆಂಬುದೇ ಇರಲಿಲ್ಲ. ಹಿಂದಿರುಗುವಂತಿಲ್ಲ, ಮುಂದೆ ಸುಗ್ರೀವನು ಇವನನ್ನು ಕೊಲ್ಲಬೇಕೆನ್ನುತ್ತಿದ್ದಾನೆ, ವಾನರನಾಯಕರು ಒಬ್ಬೊಬ್ಬರಾಗಿ ಸಂಶಯವನ್ನೇ ನುಡಿಯುತ್ತಿದ್ದಾರೆ, ಅನುಕೂಲವಾಗಿ ಮಾತನಾಡಿದವನು ಹನುಮಂತನೊಬ್ಬನೇ. ರಾಮನು ಅಭಯವಿತ್ತು ಬರಮಾಡಿಕೊಂಡ ಮೇಲೆ ವಿಭೀಷಣನಿಗೆ ದೊರೆತುದು ವಿಶ್ರಾಂತಿಯಲ್ಲ, ಕೆಲಸ. ಲಂಕೆಯ ಬಲಾಬಲಗಳನ್ನು ತಿಳಿಸಿದವನು ಅವನು. ಇಂದ್ರಜಿತುವು ನಿಕುಂಭಿಲೆಯಲ್ಲಿ ನಡೆಸುತ್ತಿದ್ದ ಹೋಮದ ಮರ್ಮವನ್ನು ಹೇಳಿ ಲಕ್ಷ್ಮಣನನ್ನು ಅಲ್ಲಿಗೆ ಕರೆದೊಯ್ದವನೂ ಅವನೇ. ಗೀತೆಯ ಚರಮಶ್ಲೋಕವನ್ನು ಕೇಳಿದ ಅರ್ಜುನನಾದರೂ ಬಿಲ್ಲನ್ನೆತ್ತಿಕೊಂಡನೇ ಹೊರತು ರಥದಲ್ಲಿ ಮಲಗಲಿಲ್ಲ. ದೂರದ ಫಲದ ಚಿಂತೆಯು ಇಳಿದುಹೋದ ಮನಸ್ಸಿಗೆ ಹತ್ತಿರದ ಕರ್ತವ್ಯವು ಸ್ಫುಟವಾಗಿ ಕಾಣಿಸುತ್ತದೆ. ಭಗವಂತನ ಕೈಹಿಡಿದು ನಡೆಯುವುದೆಂದರೆ ಬಹುಮಟ್ಟಿಗೆ ಇದೇ ಆಗಿರಬೇಕು.

ಆಪತ್ತಿನಲ್ಲಿ ಮಾತ್ರವಲ್ಲದೆ ಸಂಪತ್ತಿನ ಎದುರಿನಲ್ಲಿಯೂ ಈ ನೆಲೆ ಪರೀಕ್ಷೆಗೆ ಒಳಗಾಗುತ್ತದೆ. ದೇಶಿಕರದು ಉಂಛವೃತ್ತಿ, ಮನೆಮನೆಯಲ್ಲಿ ದೊರೆತ ಹಿಡಿ ಅಕ್ಕಿಯೇ ಅಂದಂದಿನ ಅಡುಗೆ. ಅವರ ಬಡತನವನ್ನು ಕಂಡು ಮರುಗಿದವರಾರೋ ಅಕ್ಕಿಯಲ್ಲಿ ಹೊನ್ನಿನ ನಾಣ್ಯಗಳನ್ನು ಬೆರಸಿ ನೀಡಿದರಂತೆ. ಅಕ್ಕಿ ಕೇರುವಾಗ ಹೊಳೆದ ಅವು ಏನೆಂದು ಪತ್ನಿ ಕೇಳಲು, ಹುಳುಗಳಿರಬೇಕೆಂದು ದರ್ಭೆಯ ಕುಡಿಯಿಂದ ಒತ್ತರಿಸಿ ಹೊರಗೆ ಚೆಲ್ಲಿಸಿದರೆಂದು ಕಥೆ. ವಿಜಯನಗರದ ಆಸ್ಥಾನಕ್ಕೆ ಬರುವಂತೆ ವಿದ್ಯಾರಣ್ಯರು ಕಳುಹಿದ ಕರೆಗೆ ಉತ್ತರವಾಗಿ ಬರೆದುದು ‘ವೈರಾಗ್ಯಪಂಚಕ’ವೆಂದೂ ಸಂಪ್ರದಾಯವು ಹೇಳುತ್ತದೆ. ಈ ಕಥೆಗಳಲ್ಲಿ ನನ್ನನ್ನು ಸೆಳೆಯುವುದು ತ್ಯಾಗದ ಕಾಠಿಣ್ಯಕ್ಕಿಂತ ಹೆಚ್ಚಾಗಿ ಅದರ ಸರಾಗತೆ. ನಾಳೆಯ ಅಕ್ಕಿಯನ್ನು ಕೊಡುವವನಾರೆಂದು ಬಲ್ಲ ಮನೆಯಲ್ಲಿ ಹೊನ್ನಿಗೆ ಕೆಲಸವಿರಲಿಲ್ಲ.

ಶ್ರೀರಂಗದ ಉತ್ಸವಮೂರ್ತಿಯು ಅಲೆದಲೆದು, ನಮ್ಮ ಮೇಲುಕೋಟೆಯಲ್ಲಿಯೂ ಕೆಲಕಾಲವಿದ್ದು, ತಿರುಮಲೆಯಲ್ಲಿ ಬಹುಕಾಲ ನೆಲಸಿ, ವಿಜಯನಗರದ ಕಂಪಣನ ಕಾಲದಲ್ಲಿ ಗೋಪಣಾರ್ಯನ ಮೂಲಕ ಸ್ವಸ್ಥಾನಕ್ಕೆ ಮರಳಿದುದು 1371ರಲ್ಲಿ. ಅದನ್ನು ಕೊಂಡಾಡುವ ಶಾಸನಶ್ಲೋಕಗಳು ಶ್ರೀರಂಗದ ಗುಡಿಯ ಗೋಡೆಯಲ್ಲಿವೆ. ಅವು ದೇಶಿಕರ ರಚನೆಯೇ ಎಂದು ಭಕ್ತರು ಹೇಳುವರಾದರೂ, ಅವರ ನಿರ್ಯಾಣವು 1369ರಲ್ಲಿ ಆಯಿತೆಂದು ಪರಂಪರೆಯೇ ಎಣಿಸುವುದರಿಂದ ಈ ಮಾತನ್ನು ಒಪ್ಪುವುದು ನನಗೆ ಕಷ್ಟ. ತಾವು ಬೇಡಿದುದು ಕೈಗೂಡಿದುದನ್ನು ಅವರು ಕಣ್ಣಾರೆ ಕಂಡಿರಲಾರರು. ದಾಳಿಯ ವರ್ಷದಿಂದ ಎಣಿಸಿದರೆ ನಾಲ್ವತ್ತಕ್ಕೂ ಮಿಕ್ಕ ವರ್ಷಗಳ ಆ ಅವಧಿಯನ್ನು ಅವರು ಕಾಯುತ್ತ ಕುಳಿತು ಕಳೆಯಲಿಲ್ಲ. ಬರೆದರು, ಪಾಠ ಹೇಳಿದರು, ಶಿಷ್ಯರನ್ನು ಸಿದ್ಧಗೊಳಿಸಿದರು. ಮೈಸೂರಿನ ಅರಸರಿಗೆ ಗುರುಪೀಠವಾಗಿದ್ದ ಪರಕಾಲಮಠವು ಅವರ ಶಿಷ್ಯರಾದ ಬ್ರಹ್ಮತಂತ್ರ ಸ್ವತಂತ್ರ ಜೀಯರಿಂದ ಮೊದಲಾದುದು. ಹೆಣಗಳ ನಡುವೆ ಬಚ್ಚಿಟ್ಟುಕೊಂಡು ಉಳಿಸಿದ ಶ್ರುತಪ್ರಕಾಶಿಕೆಯನ್ನು ಅವರೇ ಶಿಷ್ಯರಿಗೆ ಪಾಠ ಹೇಳಿ ಪ್ರಚುರಪಡಿಸಿದರು. ಶ್ರೀಭಾಷ್ಯವನ್ನು ಸಾಂಪ್ರದಾಯಿಕವಾಗಿ ಅಭ್ಯಸಿಸುವವರು ಇಂದಿಗೂ ಆ ವ್ಯಾಖ್ಯಾನವನ್ನು ಬಳಿಯಲ್ಲಿಟ್ಟುಕೊಂಡೇ ಓದುತ್ತಾರೆ.